ಜೆನಿತ್ ಬಲೂನಿನ ದುರಂತ

1875ನೆಯ ಇಸವಿ ಏಪ್ರಿಲ್ 15ರಂದು ಫ್ರಾನ್ಸ್ ದೇಶದ ಪ್ಯಾರಿಸ್ ನಗರದಿಂದ ‘ಜೆನಿತ್’ ಎಂಬ ಬಲೂನು ಗಗನಕ್ಕೇರಿತು. ಅದರ ಬುಟ್ಟಿಯಲ್ಲಿ ಸಿವೆಲ್, ಕ್ರೋಸೆ-ಸ್ಪಿನೆಲ್ಲಿ ಮತ್ತು ಟಿಸಾಂಡಿಯೆ ಎಂಬ ಮೂವರು ಸಾಹಸಿಗಳಿದ್ದರು. ಎತ್ತರದ ವಾಯುಮಂಡಲದ ಅಭ್ಯಾಸವೇ ಅವರ ಉದ್ದೇಶ. ಆಮ್ಲಜನಕ ಬೆರೆತ ಗಾಳಿಯ ಚೀಲಗಳನ್ನು ಅವರು ಜೊತೆಯಲ್ಲಿ ಒಯ್ದಿದ್ದರು. ಅದು ಸ್ವಲ್ಪವೇ ಇದ್ದುದರಿಂದ, ನಿಜವಾದ ಅಗತ್ಯ ತೋರಿದಾಗ ಬಳಸುವುದೆಂದು ನಿಶ್ಚಯಿಸಿದ್ದರು. ಬಲೂನು 8,000 ಮೀಟರಿಗೂ ಮೇಲೇರಿತು. ಅದು ನೆಲಕ್ಕಿಳಿದಾಗ ಜೀವಸಹಿತ ಉಳಿದಿದ್ದವರು ಟಿಸಾಂಡಿಯೆ ಒಬ್ಬರೇ.

ಗಾಳಿಯ ನಡುವೆಯೇ ಇದ್ದವರು ಉಸಿರಿಲ್ಲದೆ ಮಡಿದುದು ಹೇಗೆ?

ಬೆಳೆದ ಮನುಷ್ಯನ ಶ್ವಾಸಕೋಶಗಳು ಸುಮಾರು 6 ಲೀಟರು ಗಾಳಿಯನ್ನು ಹಿಡಿಯಬಲ್ಲವು. ಸಾಮಾನ್ಯ ಉಸಿರಾಟದಲ್ಲಿ ಒಳಹೋಗಿ ಹೊರಬರುವುದು ಅರ್ಧ ಲೀಟರು ಮಾತ್ರ. ಎಷ್ಟೇ ಬಲವಾಗಿ ಉಸಿರು ಬಿಟ್ಟರೂ ಒಂದು ಲೀಟರಿನಷ್ಟಾದರೂ ಗಾಳಿ ಒಳಗೇ ಉಳಿಯುತ್ತದೆ. ಇದೆಲ್ಲವೂ ಕೋಟ್ಯಂತರ ಪುಟ್ಟ ಗಾಳಿಗೂಡುಗಳಲ್ಲಿ ಹಂಚಿಹೋಗಿರುತ್ತದೆ. ಆ ಗೂಡುಗಳ ತೆಳುಭಿತ್ತಿಯ ಮೂಲಕ ಆಮ್ಲಜನಕವು ರಕ್ತವನ್ನು ಸೇರಿ, ಕೆಂಪು ಕಣಗಳ ಹಿಮೊಗ್ಲೋಬಿನ್ನಿನೊಡನೆ ಕೂಡಿ ಅಂಗಾಂಗಗಳಿಗೆ ಸಾಗುತ್ತದೆ. ಆದರೆ ಅದನ್ನು ರಕ್ತದೊಳಕ್ಕೆ ನೂಕುವುದು ಅದರ ಒತ್ತಡ. 8,000 ಮೀಟರು ಎತ್ತರದಲ್ಲಿಯೂ ಗಾಳಿಯ ನೂರು ಭಾಗದಲ್ಲಿ ಸುಮಾರು 21 ಭಾಗ ಆಮ್ಲಜನಕವೇ. ಒತ್ತಡ ಮಾತ್ರ ಸಮುದ್ರಮಟ್ಟದಲ್ಲಿರುವುದರ ಮೂರನೆಯ ಒಂದು ಭಾಗದಷ್ಟು. ಅಲ್ಲಿ ಶ್ವಾಸಕೋಶಗಳು ತುಂಬಿದ್ದರೂ ರಕ್ತಕ್ಕೆ ಸೇರುವ ಆಮ್ಲಜನಕ ಸಾಲದು.

ಹಾಗಾದರೆ ಅವರಿಗೆ ಉಸಿರು ಕಟ್ಟಿದಂತಾಗಲಿಲ್ಲವೇ? ಶರೀರದ ವಿಚಿತ್ರವಿರುವುದು ಇಲ್ಲಿಯೇ. ಉಸಿರು ಬಿಗಿಹಿಡಿದವನನ್ನು ಚಡಪಡಿಸುವಂತೆ ಮಾಡುವುದು ಆಮ್ಲಜನಕದ ಕೊರತೆಗಿಂತ ಹೆಚ್ಚಾಗಿ ರಕ್ತದಲ್ಲಿ ಕೂಡಿಕೊಳ್ಳುವ ಇಂಗಾಲದ ಡೈಆಕ್ಸೈಡು. ಅದು ತುಸು ಹೆಚ್ಚಿದರೂ ಮೆದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರ ಎಚ್ಚರಗೊಳ್ಳುತ್ತದೆ. ಆಮ್ಲಜನಕದ ಕೊರತೆಯನ್ನು ಅರಿಯುವ ಪುಟ್ಟ ಅಂಗಗಳು ಕೊರಳಿನ ರಕ್ತನಾಳಗಳ ಬಳಿ ಇವೆ. ಅವು ಉಸಿರನ್ನು ಚುರುಕುಗೊಳಿಸುತ್ತವೆ, ಆದರೆ ಅಷ್ಟು ಸಂಕಟವನ್ನು ಹುಟ್ಟಿಸುವುದಿಲ್ಲ. ಬಲೂನಿನಲ್ಲಿದ್ದವರು ಇಂಗಾಲದ ಡೈಆಕ್ಸೈಡನ್ನು ಸರಾಗವಾಗಿ ಹೊರಬಿಡುತ್ತಲೇ ಇದ್ದರು. ಅವರು ಕಾಯುತ್ತಿದ್ದ ಸೂಚನೆ ಬರಲೇ ಇಲ್ಲ. ತಮಗೆ ನೋವಾಗಲಿ ಭಯವಾಗಲಿ ಇರಲಿಲ್ಲ, ಬದಲಾಗಿ ಒಂದು ಬಗೆಯ ಉಲ್ಲಾಸವೇ ತುಂಬಿತ್ತೆಂದು ಟಿಸಾಂಡಿಯೆ ಬಳಿಕ ತಿಳಿಸಿದರು. ಆಮ್ಲಜನಕದ ಕೊಳವೆಯನ್ನು ಹಿಡಿಯಬೇಕೆನಿಸಿದಾಗ ಅವರ ತೋಳುಗಳು ಮೇಲೇಳಲಿಲ್ಲ.

ಒಯ್ಯಲಿರುವ ಆಮ್ಲಜನಕ ಸಾಲದೆಂದು ಶರೀರಶಾಸ್ತ್ರಜ್ಞ ಪಾಲ್ ಬೆರ್ ಮೊದಲೇ ಪತ್ರ ಬರೆದು ಎಚ್ಚರಿಸಿದ್ದರು. ಆ ಪತ್ರ ಸಕಾಲಕ್ಕೆ ಒದಗಲಿಲ್ಲ. ಇಂದು ತೆರೆದ ವಿಮಾನದಲ್ಲಿ ಎತ್ತರಕ್ಕೇರುವ ಚಾಲಕರು ಉಸಿರು ಕಟ್ಟುವವರೆಗೆ ಕಾಯುವುದಿಲ್ಲ. ಎತ್ತರದ ಮಾಪಕವನ್ನು ನೋಡಿ ಆಮ್ಲಜನಕದ ಮುಖವಾಡವನ್ನು ಧರಿಸುತ್ತಾರೆ.