ಅಡ್ಡಮಳೆಗೆ ಮರುಳಾಗಬೇಡಿ

ಮೊಬೈಲಿನಲ್ಲಿ ಯಾರೋ ‘ಕೊನೆಯ ಹಿಮ ಬಿದ್ದ ಮೇಲೆ ಬಿತ್ತಿ’ ಎಂದದ್ದನ್ನು ಕೇಳಿ ಹಿತ್ತಲಿನ ಲೆಕ್ಕ ಹಾಕಬೇಡಿ, ಮಾರಾಯ್ರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಬೀಳುವುದು ಇಬ್ಬನಿ. ಗಿಡ ಕೊಳೆಸುವುದು ಮಳೆ. ಮೇ ತಿಂಗಳ ಒಂದೇ ಅಡ್ಡಮಳೆಗೆ ಹಿಗ್ಗಿ ಸೌತೆಬೀಜ ಊರಿದರೆ, ಮರುವಾರದ ಬಿಸಿಲಿಗೆ ಮೊಳಕೆ ಸುಟ್ಟೀತು. ಆರಿದ್ರಾ ಮಳೆ ಜಡಿ ಹಿಡಿದ ಮೇಲೆ ಊರಿದರೆ ಬೀಜವೇ ಕೊಳೆತೀತು. ಮೇ 25ರ ಸುಮಾರಿಗೆ ರೋಹಿಣಿ ಹುಟ್ಟುತ್ತದೆ. ಅಲ್ಲಿಂದ ಮೃಗಶಿರದ ಮೊದಲ ದಿನಗಳೊಳಗೆ, ಮಣ್ಣು ಮುಷ್ಟಿಯಲ್ಲಿ ಉಂಡೆಯಾಗಿ, ಬೆರಳು ತಾಗಿದರೆ ಪುಡಿಯಾಗುವ ಹದ ನೋಡಿ ಬೀಜ ಹಾಕಿ. ನೀರು ಬಸಿಯುವಂತೆ ಮಡಿ ಏರಿಸಿ. ಟೊಮೆಟೊ ಆಸೆಯಿದ್ದರೆ ಅಕ್ಟೋಬರ್ ತನಕ ತಡೆಯಿರಿ. ನಾನೂ ಒಮ್ಮೆ ಜುಲೈಯಲ್ಲಿ ನೆಟ್ಟಿದ್ದೆ, ಉಂಡದ್ದು ಬಸವನಹುಳು.