ಹಗ್ಗದ ಉರಿ, ಕೀಲಿನ ನೋವು

2019ರಲ್ಲಿ ಮೊದಲ ವಿಶ್ವ ಮಲ್ಲಕಂಬ ಸ್ಪರ್ಧೆ ನಡೆದ ದಾದರ್‌ನ ಶಿವಾಜಿ ಪಾರ್ಕಿನಲ್ಲೇ ಹಗ್ಗದ ಮಲ್ಲಕಂಬ ಕಲಿಯುತ್ತಿರುವ ಮಗಳ ಕಾಲ್ಬೆರಳ ಸಂದು ಕೆಂಪಾಗಿದೆ, ಬಿಡಿಸಲೇ ಎಂದು ಕೇಳಿದ್ದೀರಿ. ಬಿಡಿಸಬೇಡಿ. ಹೆಬ್ಬೆರಳು, ಪಕ್ಕದ ಬೆರಳಿನ ನಡುವೆ ಹಗ್ಗ ಬಿಗಿದು ಮೈಭಾರ ಹೊರುವ ವಿದ್ಯೆಯಿದು. ಉಜ್ಜಿದಲ್ಲಿ ಉರಿ ಇದ್ದೇ ಇರುತ್ತದೆ, ಅಭ್ಯಾಸವಾದಂತೆ ಚರ್ಮ ಗಟ್ಟಿಯಾಗುತ್ತದೆ. ಹೊಸ ಕಸರತ್ತಿನ ಮೈಕೈ ನೋವೂ ಒಂದೆರಡು ದಿನ ಏರಿ ತಾನಾಗಿ ಇಳಿಯುತ್ತದೆ. ಅದೇ ಕಸರತ್ತು ಮತ್ತೆ ಮಾಡಿದಾಗ ಸ್ನಾಯು ಅಷ್ಟು ನೋಯುವುದಿಲ್ಲ. ಈಗಲೇ ಬಿಡಿಸಿದರೆ ಅವಳಿಗೆ ಉರಿಯ ನೆನಪಷ್ಟೇ ಉಳಿದೀತು.

ಸಹಿಸು ಎಂದರೆ ಮಗು ಪೆಟ್ಟನ್ನೂ ಮುಚ್ಚಿಟ್ಟೀತು ಎಂಬ ನಿಮ್ಮ ಅಳುಕು ನ್ಯಾಯವೇ. ಅದಕ್ಕೇ ದಿನವೂ ಕೇಳಿ, ಕಾಲು ನೋಡಿ. ಚರ್ಮ ಒಡೆದಿದ್ದರೆ ಮಾಯುವವರೆಗೆ ಹಗ್ಗ ಬೇಡ. ಮಂಡಿಯೋ ಭುಜವೋ ಊದಿದರೆ, ಚುಚ್ಚಿದಂತೆ ನೋಯುತ್ತಿದ್ದರೆ ಅಂದೇ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಕಲಿಸುವವರಿಗೂ ನೀವೇ ಹೇಳಿ.