ಉಪ್ಪಿನ ಪ್ಯಾಕೆಟ್ಟಿನ ಮೇಲೆ ತಾರೀಕು ಬರೆದಿಡು

ಮಗೂ, ಕಂಪನಿಯಲ್ಲಿ ಮಾಡಿಸಿದ ತಪಾಸಣೆಯಲ್ಲಿ ಬಿಪಿ 148/94 ಬಂತು, ವಾರ ಬಿಟ್ಟು ನೋಡಿದರೂ ಅಷ್ಟೇ ಇತ್ತು ಎಂದೆಯಲ್ಲ. ಜೊತೆಗೇ, “ದೊಡ್ಡಮ್ಮಾ, ಬಿಪಿಗೆ ಏನು ತಿಂದರೆ ಒಳ್ಳೇದು? ಬೆಳ್ಳುಳ್ಳಿಯೋ, ನುಗ್ಗೆಸೊಪ್ಪೋ, ಓಟ್ಸೋ?” ಅಂತಲೂ ಕೇಳಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಷ್ಟು ಕಾಲವೂ ಜನ ನನ್ನನ್ನು ಕೇಳುತ್ತಿದ್ದದ್ದು ಇದನ್ನೇ. ಯಾವುದಾದರೂ ಒಂದು ಪದಾರ್ಥದ ಹೆಸರು ಹೇಳಿಬಿಟ್ಟರೆ ಅದನ್ನು ತಿಂದುಕೊಂಡು ನಿಶ್ಚಿಂತೆಯಾಗಿರಬಹುದು ಎನ್ನುವ ಆಸೆ. ಅಂಥ ಪದಾರ್ಥ ಯಾವುದೂ ಇಲ್ಲ. ಆದರೆ ಊಟ ತಿದ್ದಿಕೊಂಡರೆ ಬಿಪಿ ಇಳಿಯುವುದು ನಿಜ. ಎಷ್ಟು ಇಳಿಯುತ್ತದೆ ಎಂದು ಅಳೆದು ನೋಡಿದವರಿದ್ದಾರೆ. ಅದನ್ನು ಹೇಳುತ್ತೇನೆ, ಸಮಾಧಾನವಾಗಿ ಓದು.

ಮೊದಲು ಒಂದು ವಿಷಯ. “ತಲೆನೋವಿಲ್ಲ, ತಲೆಸುತ್ತಿಲ್ಲ, ನನಗೇನೂ ಆಗಿಲ್ಲ” ಎಂದು ಸುಮ್ಮನಾಗಬೇಡ. ಬಿಪಿ ಹೆಚ್ಚಿದ್ದರೂ ಬಹಳಷ್ಟು ಜನರಿಗೆ ಅದು ಗೊತ್ತೇ ಆಗುವುದಿಲ್ಲ. ವಯಸ್ಸಾದಂತೆ ರಕ್ತದೊತ್ತಡ ಏರುವುದು ಸಹಜ ಎಂದು ಒಂದು ಕಾಲದಲ್ಲಿ ದೊಡ್ಡ ದೊಡ್ಡ ವೈದ್ಯರೇ ನಂಬಿದ್ದರು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಲ್ಲಿ ಶುರುವಾದ ಅಧ್ಯಯನ 5,209 ಜನರನ್ನು ವರ್ಷಾನುಗಟ್ಟಲೆ ಗಮನಿಸುತ್ತ ಹೋಯಿತು. ಬಿಪಿ ಹೆಚ್ಚಿದ್ದವರಿಗೇ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಎಂಬುದು ಆಮೇಲೆ ಸ್ಪಷ್ಟವಾಯಿತು. ಸುಮಾರು ಹತ್ತು ಲಕ್ಷ ಜನರ ಲೆಕ್ಕವನ್ನು ಒಟ್ಟು ಹಾಕಿ 2002ರಲ್ಲಿ ಇನ್ನೊಂದು ವರದಿ ಬಂತು. ನಲವತ್ತರಿಂದ ಎಪ್ಪತ್ತರೊಳಗಿನವರಲ್ಲಿ ಮೇಲಿನ ಸಂಖ್ಯೆ 20 ಏರಿದರೆ ಹೃದ್ರೋಗದಿಂದಲೋ ಪಾರ್ಶ್ವವಾಯುವಿನಿಂದಲೋ ಸಾಯುವ ಅಪಾಯ ಎರಡು ಪಟ್ಟಾಗುತ್ತದೆ ಎಂದು ಅದು ತೋರಿಸಿತು.

ನಮ್ಮವರಿಗೆ ಇನ್ನೂ ಒಂದು ಆತಂಕ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಕೆನಡಾದಲ್ಲಿ ಹೆಸರಾದ ಡಾ. ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ‘ಇಂಟರ್‌ಹಾರ್ಟ್’ ಅಧ್ಯಯನ ನಡೆಯಿತು. ಮೊದಲ ಹೃದಯಾಘಾತ ಬೇರೆಯವರಿಗೆ ಸರಾಸರಿ 59ರ ಹೊತ್ತಿಗೆ ಬಂದಿದ್ದರೆ, ದಕ್ಷಿಣ ಏಷ್ಯಾದವರಾದ ನಮಗೆ 53ಕ್ಕೇ ಬಂದಿತ್ತು. ನಿನಗೀಗ ನಲವತ್ತು ಹತ್ತಿರ. ಹೆದರಿಸಲು ಹೇಳುತ್ತಿಲ್ಲ, ಸಮಯ ಇನ್ನೂ ಕೈಯಲ್ಲಿದೆ ಅಂತ ಹೇಳುತ್ತಿದ್ದೇನೆ.

ಈಗ ಊಟದ ಮಾತು. 1997ರಲ್ಲಿ ಅಮೆರಿಕದಲ್ಲಿ ‘ಡ್ಯಾಶ್’ ಎಂಬ ಪ್ರಯೋಗ ಮಾಡಿದರು. 459 ಜನರಿಗೆ ಊಟವನ್ನು ತಾವೇ ತಯಾರಿಸಿ ಕೊಟ್ಟರು. ಒಂದು ಗುಂಪಿಗೆ ಅಲ್ಲಿನವರ ಮಾಮೂಲಿ ಊಟ. ಇನ್ನೊಂದಕ್ಕೆ ಹಣ್ಣು ತರಕಾರಿ ಹೆಚ್ಚು, ಕೆನೆ ತೆಗೆದ ಹಾಲು ಮೊಸರು, ತೌಡಿರುವ ಧಾನ್ಯ, ಕಾಳು, ಕಡಲೆಬೀಜದಂಥ ಬೀಜಗಳು. ಕೊಬ್ಬು, ಸಿಹಿ ಕಡಿಮೆ. ಉಪ್ಪನ್ನು ಕಡಿಮೆ ಮಾಡಲಿಲ್ಲ, ಯಾರ ತೂಕವೂ ಇಳಿಯದಂತೆ ನೋಡಿಕೊಂಡರು. ಆದರೂ ಎರಡೇ ವಾರದಲ್ಲಿ ಬಿಪಿ ಇಳಿಯಿತು. ಮೊದಲೇ ಬಿಪಿ ಇದ್ದವರಲ್ಲಿ ಮೇಲಿನ ಸಂಖ್ಯೆ, ಮಾಮೂಲಿ ಊಟದವರಿಗಿಂತ 11ರಷ್ಟು ಹೆಚ್ಚು ಇಳಿದಿತ್ತು. ಒಂದು ಮಾತ್ರೆ ಮಾಡುವಷ್ಟು ಕೆಲಸ ಅದು. 2001ರಲ್ಲಿ ಉಪ್ಪನ್ನೂ ಇಳಿಸಿ ನೋಡಿದಾಗ ಬಿಪಿ ಇನ್ನಷ್ಟು ತಗ್ಗಿತು.

ಇದರಲ್ಲಿ ಯಾವ ತಿನಿಸಿನಿಂದ ಇಳಿಯಿತು ಎಂದು ಕೇಳಿದರೆ ಉತ್ತರವಿಲ್ಲ. ಇಳಿಸಿದ್ದು ಇಡೀ ತಟ್ಟೆ. ನಮ್ಮಲ್ಲಿ ಇದಕ್ಕೆ ಹೊಸದಾಗಿ ಏನೂ ಕೊಳ್ಳಬೇಕಿಲ್ಲ. ರಾಗಿಮುದ್ದೆ, ಬಸ್ಸಾರು, ಹೆಸರುಕಾಳಿನ ಉಸಲಿ, ಸೌತೆಕಾಯಿ ಕೋಸಂಬರಿ, ಒಂದು ಬಾಳೆಹಣ್ಣು, ಮಜ್ಜಿಗೆ. ತಟ್ಟೆಯಲ್ಲಿ ಅನ್ನದ ಗುಡ್ಡ ಚಿಕ್ಕದಾಗಿ ಪಲ್ಯದ ಪಾಲು ದೊಡ್ಡದಾದರೆ ಅರ್ಧ ಕೆಲಸ ಆದಂತೆ.

ಉಳಿದರ್ಧ ಉಪ್ಪಿನದು. ಇಲ್ಲಿ ಒಂದು ವಿಷಯವನ್ನು ನೀನು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು. ಅಮೆರಿಕದಲ್ಲಿ, ಯುರೋಪಿನಲ್ಲಿ ಜನ ತಿನ್ನುವ ಉಪ್ಪಿನಲ್ಲಿ ಬಹುಪಾಲು ಕಾರ್ಖಾನೆಯಲ್ಲೇ ಬೆರೆತು ಬರುತ್ತದೆ. ಬ್ರೆಡ್ಡು, ಚೀಸು, ಡಬ್ಬಿ ಊಟ. ಅಲ್ಲಿ ಅಡುಗೆ ಮಾಡುವವರು ಕೈ ಹಿಡಿದರೂ ಹೆಚ್ಚು ಪ್ರಯೋಜನವಿಲ್ಲ. ನಮ್ಮಲ್ಲಿ ಇನ್ನೂ ಬಹುಪಾಲು ಉಪ್ಪು ಬೀಳುವುದು ಒಲೆಯ ಮುಂದೆ, ನಮ್ಮ ಕೈಯಿಂದಲೇ. ಹಾಗಾಗಿ ಅದನ್ನು ಇಳಿಸುವುದೂ ನಮ್ಮ ಕೈಯಲ್ಲೇ ಇದೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಎಂದು. ಅಂದರೆ ಮಟ್ಟಸವಾಗಿ ಒಂದು ಟೀ ಚಮಚ. ಆದರೆ ಸಾರಿಗೆ ಹಾಕುವಾಗ ಯಾರು ಚಮಚ ಎಣಿಸುತ್ತಾರೆ? ನಾನೊಂದು ಸುಲಭದ ದಾರಿ ಹೇಳುತ್ತೇನೆ. ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಿಂದ ತಾರೀಕು ಬರೆದಿಡು. ಮನೆಯಲ್ಲಿ ನಾಲ್ಕು ಜನ ಅಂತಿಟ್ಟುಕೋ. ತಲೆಗೆ 5 ಗ್ರಾಂ ಎಂದರೆ ದಿನಕ್ಕೆ 20 ಗ್ರಾಂ, ಆ ಪ್ಯಾಕೆಟ್ 50 ದಿನ ಬರಬೇಕು. ತಿಂಗಳಿಗೇ ಖಾಲಿಯಾದರೆ ತಲೆಗೆ ಎಂಟು ಗ್ರಾಂ ದಾಟಿತು. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಬೇಕರಿಯ ಖಾರಾ ಬಿಸ್ಕತ್ತು, ಹೋಟೆಲಿನ ಸಾಂಬಾರು ಇವೆಲ್ಲ ಈ ಲೆಕ್ಕದ ಹೊರಗೆ.

ಕಡಿಮೆ ಮಾಡುವುದು ಹೇಗೆ? ಮುದ್ದೆಗೆ, ಚಪಾತಿ ಹಿಟ್ಟಿಗೆ, ಅನ್ನಕ್ಕೆ, ಮಜ್ಜಿಗೆಗೆ ಉಪ್ಪು ಬೇಕಿಲ್ಲ. ಪಕ್ಕದಲ್ಲಿ ಸಾರೋ ಪಲ್ಯವೋ ಇದ್ದೇ ಇರುತ್ತದೆ. ಸಾರಿಗೆ ಹುಣಸೆಹುಳಿ, ಪಲ್ಯಕ್ಕೆ ನಿಂಬೆರಸ ಸ್ವಲ್ಪ ಮುಂದಾಗಿದ್ದರೆ ಉಪ್ಪು ಹಿಂದಿದ್ದರೂ ನಾಲಿಗೆ ತಕರಾರು ಮಾಡುವುದಿಲ್ಲ. ಉಪ್ಪನ್ನು ಕೊನೆಯಲ್ಲಿ, ರುಚಿ ನೋಡಿಕೊಂಡು ಹಾಕಿ. ಒಂದೇ ದಿನಕ್ಕೆ ಅರ್ಧಕ್ಕೆ ಇಳಿಸಿದರೆ ಮನೆಯಲ್ಲಿ ಯಾರೂ ಊಟ ಮಾಡುವುದಿಲ್ಲ. ವಾರವಾರ ಚಿಟಿಕೆ ಚಿಟಿಕೆಯಾಗಿ ಇಳಿಸಿ. ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ, ಆಮೇಲೆ ಮೊದಲಿನ ಸಾರೇ ಉಪ್ಪುಪ್ಪು ಅನ್ನಿಸುತ್ತದೆ. ನಿನಗೊಬ್ಬನಿಗೇ ಬೇರೆ ಸಪ್ಪೆ ಅಡುಗೆ ಬೇಡ, ಮನೆಮಂದಿಗೆಲ್ಲ ಒಂದೇ ಇರಲಿ.

ಸೈಂಧವ ಲವಣಕ್ಕೆ ಬದಲಾಯಿಸಿದರೆ ಸಾಕು ಎಂದು ಯಾರಾದರೂ ಹೇಳಿಯಾರು. ಅದರಲ್ಲೂ ಇರುವುದು ಹೆಚ್ಚುಕಡಿಮೆ ಅದೇ ಸೋಡಿಯಂ, ಅಯೋಡಿನ್ ಮಾತ್ರ ಸಿಗುವುದಿಲ್ಲ. ನಿಜವಾಗಿ ಕೆಲಸ ಮಾಡಿದ ಬದಲಿ ಉಪ್ಪು ಬೇರೆ. ಚೀನಾದ 600 ಹಳ್ಳಿಗಳಲ್ಲಿ, ಹಿಂದೆ ಪಾರ್ಶ್ವವಾಯು ಆಗಿದ್ದವರು ಮತ್ತು ಬಿಪಿ ಇದ್ದ ವಯಸ್ಸಾದವರು, ಒಟ್ಟು 20,995 ಜನರನ್ನು ಸೇರಿಸಿ ಒಂದು ಪ್ರಯೋಗ ಮಾಡಿದರು. ಅರ್ಧ ಹಳ್ಳಿಗಳಿಗೆ ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪನ್ನು ಸುಮಾರು ಐದು ವರ್ಷ ಕೊಟ್ಟರು. ಮೇಲಿನ ಬಿಪಿ ಇಳಿದದ್ದು ಸರಾಸರಿ ಮೂರು ಚಿಲ್ಲರೆ ಅಷ್ಟೇ. ಆದರೆ 2021ರಲ್ಲಿ ಫಲಿತಾಂಶ ಬಂದಾಗ ಪಾರ್ಶ್ವವಾಯು ಶೇ. 14ರಷ್ಟು, ಸಾವು ಶೇ. 12ರಷ್ಟು ಕಡಿಮೆಯಾಗಿತ್ತು. ಅಡುಗೆಮನೆಯ ಡಬ್ಬಿಯೊಂದನ್ನು ಬದಲಾಯಿಸಿದ್ದಕ್ಕೆ ಇಷ್ಟು ಜೀವ ಉಳಿಯಿತು ಎಂದು ಓದಿದಾಗ ನನಗೆ ಕಣ್ಣು ತುಂಬಿ ಬಂದಿತ್ತು. ಅಂಥ ಉಪ್ಪು ನಮ್ಮಲ್ಲೂ ಸಿಗುತ್ತದೆ. ಆದರೆ ಎಚ್ಚರ: ಮೂತ್ರಪಿಂಡದ ತೊಂದರೆ ಇದ್ದವರಿಗೆ, ಕೆಲವು ಬಗೆಯ ಬಿಪಿ ಮಾತ್ರೆ ನುಂಗುವವರಿಗೆ ಪೊಟ್ಯಾಸಿಯಂ ಏರಿ ಹೃದಯದ ಬಡಿತಕ್ಕೇ ಅಪಾಯವಾಗಬಹುದು. ನಿನ್ನ ಡಾಕ್ಟರನ್ನು ಕೇಳದೆ ಅದನ್ನು ತರಬೇಡ.

ವಿದ್ವಾಂಸರಲ್ಲೂ ಭಿನ್ನಾಭಿಪ್ರಾಯವಿದೆ, ಮುಚ್ಚಿಡುವುದಿಲ್ಲ. ಅದೇ ಯೂಸುಫ್ ಅವರ ತಂಡ 17 ದೇಶಗಳ ಲಕ್ಷಕ್ಕೂ ಹೆಚ್ಚು ಜನರನ್ನು ನೋಡಿ, ಉಪ್ಪು ತೀರಾ ಕಡಿಮೆಯಾದರೂ ಅಪಾಯ ಏರುತ್ತದೆ ಎಂದು 2014ರಲ್ಲಿ ಹೇಳಿತು. ಒಂದು ಬೆಳಗಿನ ಮೂತ್ರ ಪರೀಕ್ಷಿಸಿ ಅಷ್ಟೆಲ್ಲ ಹೇಳಲಾಗದು ಎಂದು ಬೇರೆಯವರು ಆಕ್ಷೇಪಿಸಿದರು. ಆ ಜಗಳ ನಡೆಯಲಿ. ಬಿಪಿ ಹೆಚ್ಚಿರುವವರಿಗೆ ಅತಿ ಉಪ್ಪು ಕೆಟ್ಟದ್ದು ಎನ್ನುವುದನ್ನು ಇಬ್ಬರೂ ಒಪ್ಪುತ್ತಾರೆ, ನಿನಗೆ ಬೇಕಾದದ್ದು ಅಷ್ಟೇ.

ಮಾತ್ರೆ ಬರೆದುಕೊಟ್ಟರೆ ನುಂಗು. “ಪಥ್ಯ ಮಾಡುತ್ತೇನೆ, ಮಾತ್ರೆ ಬೇಡ” ಎಂದೋ, “ಈಗ ನಾರ್ಮಲ್ ಬಂದಿದೆ” ಎಂದೋ ತಾವಾಗಿಯೇ ಬಿಟ್ಟವರನ್ನು ಬಾಯಿ ಸೊಟ್ಟಗಾಗಿ, ಒಂದು ಕೈ ಜೋತುಬಿದ್ದ ಸ್ಥಿತಿಯಲ್ಲಿ ಸ್ಟ್ರೆಚರಿನ ಮೇಲೆ ತಂದದ್ದನ್ನು ನಾನು ನೋಡಿದ್ದೇನೆ. ನಾರ್ಮಲ್ ಬಂದಿದ್ದದ್ದು ಮಾತ್ರೆಯಿಂದಲೇ. ಊಟ ತಿದ್ದಿ ಬಿಪಿ ಚೆನ್ನಾಗಿ ಇಳಿದರೆ ಡೋಸ್ ಕಡಿಮೆ ಮಾಡುವುದನ್ನು ಡಾಕ್ಟರೇ ನೋಡಿಕೊಳ್ಳುತ್ತಾರೆ.

ಅಳೆಸುವಾಗ ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂತಿರು. ಅರ್ಧ ಗಂಟೆ ಮುಂಚೆ ಕಾಫಿ ಬೇಡ, ಪಟ್ಟಿ ಕಟ್ಟಿರುವಾಗ ಮಾತು ಬೇಡ. ನಿನ್ನೊಬ್ಬನದೇ ಅಳೆಸಿಕೊಂಡು ಬರಬೇಡ. ನಿನ್ನ ಹೆಂಡತಿಯನ್ನೂ ಕರೆದುಕೊಂಡು ಹೋಗು, ಊರಿಗೆ ಹೋದಾಗ ಅಪ್ಪ ಅಮ್ಮನದೂ ನೋಡಿಸು. ನಿನ್ನ ಅಮ್ಮ ಎಷ್ಟು ವರ್ಷದಿಂದ ಒಮ್ಮೆಯೂ ಬಿಪಿ ನೋಡಿಸಿಲ್ಲ ಎಂದು ಇವತ್ತೇ ಫೋನು ಮಾಡಿ ಕೇಳು.